ಸಬ್ಬಸಿಗೆಯ ಹಂಗು

"ಯಾರನ್ನ ನೆನೆಸಿಕೊಂಡು ಹೊಡೀತೀಯ? ನಿಜ ಹೇಳು," ಎಂದು ನೊಲೀನ್ ನಗುತ್ತ ಕೇಳಿದಾಗ ಉಷಾ ಗುಂಡಿನ ಸದ್ದು ತಡೆಯಲು ಹಾಕಿಕೊಂಡಿದ್ದ ಕಿವಿಯ ಮುಚ್ಚಳಗಳನ್ನು ಕಳಚುತ್ತಿದ್ದಳು. ಗುರಿಯ ಕಾಗದದಲ್ಲಿ ಅವಳ ಗುಂಡುಗಳೆಲ್ಲ ಕಾಫಿ ಲೋಟದ ತಳದಷ್ಟು ಜಾಗದೊಳಗೇ ತೂತು ಕೊರೆದಿದ್ದವು. ನೊಲೀನ್ ಆ ಕಾಗದವನ್ನು ಕಿತ್ತು ತಂದು, ಬೆಳಕಿಗೆ ಹಿಡಿದು, ಸಾಲಿನಲ್ಲಿ ನಿಂತಿದ್ದ ಉಳಿದವರಿಗೂ ತೋರಿಸಿದಳು.

"ಯಾರನ್ನೂ ಇಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸು ಅಂತ ನೀವೇ ತಾನೆ ಹೇಳಿಕೊಟ್ಟಿದ್ದು?" ಎಂದಳು ಉಷಾ.

ಅದು ಸುಳ್ಳು. ಟ್ರಿಗರ್ ಮೇಲೆ ಬೆರಳಿಟ್ಟಾಗಲೆಲ್ಲ ಅವಳ ಕಣ್ಣ ಮುಂದೆ ಬರುತ್ತಿದ್ದುದು ಕ್ರೇಗ್ ಹ್ಯಾಲಮ್ ಎಂಬುವನ ಬಲ ಮಂಡಿ. ಕೆಲವು ಶನಿವಾರ ಮಂಡಿ, ಇನ್ನು ಕೆಲವು ಶನಿವಾರ ಬಾಯಿ.

ನೊಲೀನ್ ಎಪ್ಪತ್ತು ದಾಟಿದ ಹೆಂಗಸು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾಗಿ, ಆಕ್ಲೆಂಡಿನ ಹೊರಗಿದ್ದ ಈ ಪಿಸ್ತೂಲು ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದಳು. ಗಂಡನ ಆರೈಕೆಯಲ್ಲೇ ಸೊರಗುತ್ತಿರುವ ಈ ಮೈಸೂರಿನ ಹೆಣ್ಣಿಗೆ ವಾರಕ್ಕೊಂದು ಬೆಳಗಾದರೂ ತನ್ನದು ಅಂತ ಇರಲಿ ಎಂದು ಕೈಹಿಡಿದು ಕಲಿಸಿದ್ದಳು. ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿಗಾಗಿ ಪೊಲೀಸರು ವಿಚಾರಿಸಲು ಬಂದಾಗ, ಉಷಾಳಷ್ಟು ಸಮಾಧಾನದವರು ನಮ್ಮ ಕ್ಲಬ್ಬಿನಲ್ಲೇ ಇಲ್ಲ ಎಂದು ಹೇಳಿದ್ದಳು. ಯೋಗ, ವಾಕಿಂಗು ಎಲ್ಲ ಬಿಟ್ಟು ಇದೆಂಥ ಹುಚ್ಚು ಎಂದು ಕೇಳಿದ ಕನ್ನಡದ ಗೆಳತಿಯರಿಗೆ ಉಷಾ, "ಮನಸ್ಸು ಒಂದು ಕಡೆ ನಿಲ್ಲತ್ತೆ ಕಣ್ರೀ," ಎನ್ನುತ್ತಿದ್ದಳು. ಆ ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ, ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಪ್ರಕಾಶ್ ಕಾರನ್ನು ನಿಧಾನವಾಗಿ ಹಿಂದಕ್ಕೆ ತೆಗೆಯುತ್ತಿದ್ದ. ನೆತ್ತಿಯ ಮೇಲೆ ಏಣಿ ಕಟ್ಟಿಕೊಂಡಿದ್ದ ಒಂದು ಯೂಟ್, ಅಂದರೆ ಬೆನ್ನಿಗೆ ತೆರೆದ ತೊಟ್ಟಿಯಿರುವ ಸಣ್ಣ ಟ್ರಕ್ಕು, ಹಿಂದೆ ಬಂದು ನಿಂತು ಹಾರನ್ ಬಡಿಯಿತು. ಪ್ರಕಾಶ್ ಕಿಟಕಿಯಿಂದ ಕೈ ಚಾಚಿ, ಒಂದು ನಿಮಿಷ ಎಂಬಂತೆ ಸನ್ನೆ ಮಾಡಿದ. ಯೂಟಿನಲ್ಲಿದ್ದವನಿಗೆ ಆ ಕೈಯಲ್ಲಿ ಏನು ಕಂಡಿತೋ ಏನೋ, ಇಳಿದು ಬಂದವನೇ ಬಾಗಿಲು ತೆಗೆದು, ಕಾಲರ್ ಹಿಡಿದು ಹೊರಗೆಳೆದು, ಮುಖಕ್ಕೆ ಗುದ್ದಿದ. ಪ್ರಕಾಶ್ ಅಂಗಾತ ಬಿದ್ದ. ತಲೆ ಸಿಮೆಂಟಿನ ಅಂಚಿಗೆ ಬಡಿದ ಸದ್ದು ಕಾರಿನ ಆಚೆ ಬದಿಯಲ್ಲಿದ್ದ ಉಷಾಳಿಗೂ ಕೇಳಿಸಿತು. ಬಿದ್ದವನ ಪಕ್ಕೆಗೆ ಒಂದು ಒದೆ ಬಿತ್ತು. ಆಮೇಲೆ ಆ ಮನುಷ್ಯ ಚೀರುತ್ತಿದ್ದ ಉಷಾಳ ಕಡೆ ತಿರುಗಿ, "ಗಾಡಿ ಓಡಿಸೋದು ಕಲಿಸು ಅವನಿಗೆ," ಎಂದು ಹೇಳಿ ಹೊರಟುಹೋದ.

ಪ್ರಕಾಶ್ ನೀರು ಸರಬರಾಜಿನ ಇಂಜಿನಿಯರ್. ಕನ್ನಡದವರ ಯಾವ ಸಮಾರಂಭವಿರಲಿ, ಮೈಕು ಅವನ ಕೈಯಲ್ಲೇ ಇರುತ್ತಿತ್ತು. ಅವನು ಬಾಯಿ ತೆರೆದರೆ ಊಟದ ಸಾಲಿನಲ್ಲಿದ್ದವರೂ ತಿರುಗಿ ಬಂದು ಕೂರುತ್ತಿದ್ದರು. ಈಗ ಒಂದೊಂದು ಪದಕ್ಕೂ ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವನಂತೆ ತಡಕಾಡುತ್ತಿದ್ದ. ಚಮಚ ಎನ್ನಲು ಹೋಗಿ ಚಪ್ಪಲಿ ಎನ್ನುತ್ತಿದ್ದ. ಆ ಸಂಜೆಯ ನೆನಪಂತೂ ಅವನಿಗೆ ಪೂರಾ ಅಳಿಸಿಹೋಗಿತ್ತು. ಉಷಾ ನಡೆದದ್ದನ್ನು ಹೇಳಿದಾಗಲೆಲ್ಲ ಬೇರೆ ಯಾರದೋ ಸುದ್ದಿ ಕೇಳಿದವನಂತೆ, "ಅಯ್ಯೋ ಪಾಪ," ಎನ್ನುತ್ತಿದ್ದ. ಅವನಿಗೆ ಸಿಟ್ಟೇ ಇರಲಿಲ್ಲ. ಅವನ ಪಾಲಿನದನ್ನೂ ಅವಳೇ ಹೊರಬೇಕಾಗಿ ಬಂದಿತ್ತು.

ಕೋರ್ಟಿನಲ್ಲಿ ಕ್ರೇಗ್‌ನ ವಕೀಲ "ಒಂದೇ ಒಂದು ಏಟು" ಎಂದು ಎಷ್ಟು ಸಲ ಹೇಳಿದನೋ. ಶಿಕ್ಷೆ ವಿಧಿಸಿದ ವಾರವೇ ಉಷಾ ಪಿಸ್ತೂಲು ಕ್ಲಬ್ಬಿಗೆ ಸೇರಿದಳು. ಕ್ರೇಗ್ ಜೈಲಿನಿಂದ ಹೊರಗೆ ಬರುವ ಹೊತ್ತಿಗೆ ತನ್ನ ಕೈ ತಯಾರಾಗಿರಬೇಕು ಎಂಬುದಷ್ಟೇ ಅವಳ ಲೆಕ್ಕ. ಕೊಲ್ಲಬೇಕೆಂದೇನೂ ಇರಲಿಲ್ಲ, ಹೆಚ್ಚಿನ ದಿನಗಳಲ್ಲಿ. ಅವನು ನೆಲದ ಮೇಲೆ ಬಿದ್ದಿರಬೇಕು, ಮಂಡಿ ಹಿಡಿದುಕೊಂಡು ಅವಳನ್ನು ನೋಡಬೇಕು, ಆಗ ಅವಳು ಬಗ್ಗಿ "ನಡೆಯೋದು ಕಲಿ" ಎನ್ನಬೇಕು. ಆ ಎರಡು ಪದಗಳನ್ನು ಅವಳು ಅಡುಗೆಮನೆಯಲ್ಲಿ, ಕಾರಿನಲ್ಲಿ, ಸ್ನಾನದ ಮನೆಯಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅಂದು ಅಂದು ನುಣುಪು ಮಾಡಿಟ್ಟುಕೊಂಡಿದ್ದಳು.

ನೊಲೀನ್ ಆ ಪ್ರಶ್ನೆ ಕೇಳಿದ ಶನಿವಾರ ಕಳೆದು ಸೋಮವಾರ ಬೆಳಿಗ್ಗೆ ಫೋನ್ ಬಂತು. ಜೈಲು ಇಲಾಖೆಯ ಆ ಹೆಂಗಸಿನ ದನಿ ತುಂಬ ಮೃದುವಾಗಿತ್ತು. ಕ್ರೇಗ್ ಹ್ಯಾಲಮ್‌ನನ್ನು ಷರತ್ತಿನ ಮೇಲೆ ಬಿಟ್ಟಿದ್ದಾರೆ, ನಿಮ್ಮನ್ನಾಗಲಿ ನಿಮ್ಮ ಯಜಮಾನರನ್ನಾಗಲಿ ಅವನು ಮಾತನಾಡಿಸುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ, ಸುಳಿದರೆ ತಕ್ಷಣ ನಮಗೆ ತಿಳಿಸಿ, ಅವನನ್ನು ಮತ್ತೆ ಒಳಗೆ ಹಾಕುತ್ತಾರೆ ಎಂದು ಹೇಳಿದಳು. ಅವನು ಎಲ್ಲಿರುತ್ತಾನೆ ಎಂದು ಉಷಾ ಕೇಳಿದಳು. ಅದನ್ನು ಹೇಳುವ ಹಾಗಿಲ್ಲ ಎಂದಿತು ಆ ಮೃದು ದನಿ.

ಉಷಾ ಕೆಲಸ ಮಾಡುತ್ತಿದ್ದುದು ಪೆನ್‌ರೋಸಿನಲ್ಲಿ, ಕಾರ್ಖಾನೆಗಳಿಗೆ ವಿದ್ಯುತ್ತಿನ ಪ್ಯಾನೆಲ್ ಜೋಡಿಸಿ ಕೊಡುವ ಒಂದು ವರ್ಕ್‌ಶಾಪಿನಲ್ಲಿ. ಜೋಡಿಸಿದ್ದನ್ನು ಪರೀಕ್ಷಿಸುವುದು ಅವಳ ಕೆಲಸ. ಅಲ್ಲಿಯೇ ಇದ್ದ ಹುಬ್ಬಳ್ಳಿಯ ವಿನಯ್ ಓದಲು ಬಂದು ಇಲ್ಲಿಯೇ ನಿಂತವನು, ಅವಳಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಪ್ರಕಾಶ್ ಆಸ್ಪತ್ರೆಯಲ್ಲಿದ್ದಾಗ ಅವಳ ಜೊತೆ ಹಗಲಿರುಳು ಓಡಾಡಿದವನು. ಪರವಾನಗಿಯ ವಿಚಾರಣೆಯಲ್ಲಿ ಪೊಲೀಸರು ಅವನನ್ನೂ ಕೇಳಿದ್ದರು.

ಅಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಉಷಾ, "ವಿನಯ್, ನಾನು ಅದನ್ನ ದಿನಾ ಬ್ಯಾಗಲ್ಲಿಟ್ಕೊಂಡು ಓಡಾಡಿದ್ರೆ ಯಾರಿಗಾದ್ರೂ ಗೊತ್ತಾಗತ್ತಾ?" ಎಂದು ಕೇಳಿದಳು.

ಅವನ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. "ಏನ್ ಕೇಳಾಕತ್ತೀರಿ ಅಕ್ಕಾರ? ಹಂಗ ಅಡ್ಡಾಡಾಕ ಬರಂಗಿಲ್ಲ ಇಲ್ಲೆ. ಮನಿಯಿಂದ ಕ್ಲಬ್ಬು, ಕ್ಲಬ್ಬಿನಿಂದ ಮನಿ, ಅದೂ ಪೆಟ್ಟಿಗ್ಯಾಗ ಕೀಲಿ ಹಾಕಿ. ನೀವ ಹೇಳಿದ್ರಲ್ರಿ ನನಗ?"

"ಅವನನ್ನ ಬಿಟ್ಟಿದ್ದಾರಂತೆ. ಎದುರಿಗೆ ಬಂದ್ರೆ ಏನ್ ಮಾಡ್ಲಿ? ಪೊಲೀಸರು ಬರೋವರ್ಗೂ ನಿಂತ್ಕೊಂಡು ಒದೆ ತಿನ್ಲಾ? ಹೆದರಿಕೆ ಆಗತ್ತೆ ಕಣೋ."

"ಹೆದ್ರಿಕಿ ಅಲ್ರಿ ಅದು." ವಿನಯ್ ಡಬ್ಬಿ ಮುಚ್ಚಿದ. "ಹೆದ್ರಿಕಿ ಇದ್ರ ಮನ್ಯಾಗ ಕುಂದರತಿದ್ರಿ. ನೀವು ಬೆಳಿಗ್ಗಿಂದ ರಸ್ತಾದಾಗ ಹೋಗೋ ಒಂದೊಂದು ಯೂಟ್ ಒಳಗ ಇಣುಕಿ ನೋಡಾಕತ್ತೀರಿ. ನಾ ನೋಡೇನಿ."

ಉಷಾ ತನ್ನ ಡಬ್ಬಿಯ ಅನ್ನ ಕಲಸತೊಡಗಿದಳು.

"ಪೊಲೀಸರ ಮುಂದ ನಿಮ್ಮ ಸಲುವಾಗಿ ಮಾತಾಡೇನ್ರಿ ನಾ. ಇಂಥಾ ಮಂದಿ ಸಿಗಂಗಿಲ್ಲ ಅಂತ ಹೇಳೇನಿ. ಅಷ್ಟು ನೆನಪಿಟ್ಕೋರಿ," ಎಂದು ವಿನಯ್ ಎದ್ದುಹೋದ.

ಆ ರಾತ್ರಿಯೆಲ್ಲ ಅವಳು ಬೇಡ ಎಂದೇ ತೀರ್ಮಾನಿಸಿದ್ದಳು. ಬೆಳಿಗ್ಗೆ ಪ್ರಕಾಶನಿಗೆ ಮಾತ್ರೆ ಕೊಡುವಾಗ ಅವನು ಲೋಟ ತೋರಿಸಿ, "ಅದು... ಅದರಲ್ಲಿ... ಕೊಡೆ, ಅದೇ..." ಎಂದು ನೀರು ಎಂಬ ಪದಕ್ಕಾಗಿ ಒದ್ದಾಡಿದ. ಇಡೀ ಊರಿಗೆ ನೀರಿನ ಕೊಳವೆ ಹಾಕಿಸಿದವನು. ಉಷಾ ನೀರು ಕುಡಿಸಿ, ಬಾಯಿ ಒರೆಸಿ, ನೇರ ಮಲಗುವ ಕೋಣೆಗೆ ಹೋಗಿ ಗೋಡೆಗೆ ಕೂರಿಸಿದ್ದ ಉಕ್ಕಿನ ಲಾಕರ್ ತೆಗೆದಳು. ಗುಂಡು ತುಂಬದ ಪಿಸ್ತೂಲನ್ನು ಒಂದು ದುಪಟ್ಟಾದಲ್ಲಿ ಸುತ್ತಿ ಹೆಗಲ ಚೀಲದ ತಳಕ್ಕೆ ಇಟ್ಟುಕೊಂಡು ಕೆಲಸಕ್ಕೆ ಹೊರಟಳು.

ತಾನು ನಡುಗಬಹುದು ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬದಲಿಗೆ ಮೂರು ವರ್ಷದಲ್ಲಿ ಕಾಣದ ಒಂದು ನೆಮ್ಮದಿ ಮೈತುಂಬ ಹರಡಿಕೊಂಡಿತು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಸಾಲು ಮುರಿದು ಮುಂದೆ ನುಗ್ಗಿದಾಗ ಅವಳು ನಕ್ಕು ಜಾಗ ಬಿಟ್ಟಳು. ಹಿಂದಿನಿಂದ ಯಾರೋ ಹಾರನ್ ಮಾಡಿದರೆ ಮೊದಲಿನಂತೆ ಎದೆ ಹೊಡೆದುಕೊಳ್ಳಲಿಲ್ಲ. ಇಳಿದು ಬಾ, ಬಾರೋ ನೋಡೋಣ ಎಂದು ಕನ್ನಡಿಯಲ್ಲಿ ನೋಡುತ್ತ ಕಾದಳು. ಚೆನ್ನಾಗಿ ನಿದ್ದೆ ಬಂತು. ಬಹಳ ದಿನದ ಮೇಲೆ ಹುಳಿಗೆ ಉಪ್ಪು ಸರಿಯಾಗಿ ಬಿತ್ತು. ವಿನಯ್ ಚೀಲದ ಕಡೆ ನೋಡಿ ಕಣ್ಣು ತಿರುಗಿಸಿಕೊಂಡ.

ಭಾನುವಾರ ಬೆಳಿಗ್ಗೆ ಪ್ರಕಾಶನನ್ನು ಏವನ್‌ಡೇಲ್ ಸಂತೆಗೆ ಕರೆದೊಯ್ಯುವುದು ರೂಢಿ. ಅವನೇ ಕೇಳಿ, ಅವನೇ ಕೊಂಡು, ಅವನೇ ದುಡ್ಡು ಕೊಡಲಿ, ಮಾತಿಗೆ ಅದೇ ಮದ್ದು ಎಂದು ಮಾತು ಕಲಿಸುವ ಥೆರಪಿಸ್ಟ್ ಹೇಳಿದ್ದಳು. ಹೊರಡುವ ಮುಂಚೆ ಉಷಾ ಲಾಕರಿನ ಮುಂದೆ ನಿಂತಳು. ಗಂಡ ಜೊತೆಗಿರುವಾಗ ಬೇಡ ಎನ್ನಿಸಿತು. ಗಂಡ ಜೊತೆಗಿರುವುದರಿಂದಲೇ ಬೇಕು ಎಂದೂ ಅನ್ನಿಸಿತು. ಖಾಲಿ ಪಿಸ್ತೂಲು ಹೊತ್ತು ತಿರುಗುವುದು ನಾಟಕವಲ್ಲದೆ ಇನ್ನೇನು? ಗುಂಡುಗಳನ್ನು ಇಟ್ಟಿದ್ದ ಬೇರೆ ಪೆಟ್ಟಿಗೆಯ ಬೀಗವನ್ನೂ ತೆಗೆದು, ಮ್ಯಾಗಜೀನ್ ತುಂಬಿ, ಪಿಸ್ತೂಲಿಗೆ ಸೇರಿಸಿ, ಮೊದಲ ಗುಂಡನ್ನು ನಳಿಗೆಗೆ ಏರಿಸಿ, ಅದು ತಾನಾಗಿ ಹಾರದಂತೆ ಸೇಫ್ಟಿ ಹಾಕಿದಳು.

"ಏನೇ ಇದು, ಇಷ್ಟು ಭಾರ! ಕಲ್ಲು ತುಂಬಿದ್ದೀಯಾ?" ಎಂದ ಪ್ರಕಾಶ್, ಕಾರಿನಿಂದಿಳಿಯುವಾಗ ಚೀಲ ಎತ್ತಿ ಕೊಡುತ್ತ. ಆ ವಾಕ್ಯ ಎಲ್ಲೂ ತಡೆಯದೆ ಬಂದಿದ್ದಕ್ಕೆ ಅವನಿಗೇ ಖುಷಿಯಾಗಿ ಅವಳ ಮುಖ ನೋಡಿದ.

ಸಂತೆ ಆಗಲೇ ತುಂಬಿತ್ತು. ಕೆಸುವಿನ ಗೆಡ್ಡೆಯ ರಾಶಿಗಳು, ಎಳನೀರು, ಹಳೆಯ ಸುತ್ತಿಗೆ ಸ್ಪಾನರುಗಳು, ಎಣ್ಣೆಯಲ್ಲಿ ಉಬ್ಬುತ್ತಿದ್ದ ಬ್ರೆಡ್ಡು. ಪ್ರಕಾಶನನ್ನು ಸಸಿಗಳ ಸಾಲಿನಲ್ಲಿ ನಿಲ್ಲಿಸಿ, "ಇಲ್ಲೇ ಇರಿ, ಮೆಂತ್ಯದ ಸೊಪ್ಪು ತರ್ತೀನಿ," ಎಂದು ಉಷಾ ಹೋದಳು. ಕಟ್ಟು ಆರಿಸಿ, ಹಣ ಕೊಟ್ಟು ತಿರುಗಿ ಬರುವಾಗ ಗಂಡನ ದನಿ ಕೇಳಿಸಿತು. ಯಾರೊಂದಿಗೋ ಇಂಗ್ಲಿಷಿನಲ್ಲಿ ಹರಸಾಹಸ ಮಾಡುತ್ತಿದ್ದ.

"ಎಲೆ... ಸಣ್ಣ ಎಲೆ. ಕೂದಲ ಹಾಗೆ. ವಾಸನೆ ಬರತ್ತೆ. ರೊಟ್ಟಿಗೆ... ನನ್ನ ಹೆಂಡತಿ ರೊಟ್ಟಿಗೆ..."

"ಆತುರ ಏನಿಲ್ಲ, ನಿಧಾನಕ್ಕೆ ಹೇಳಿ," ಎಂದಿತು ಒಂದು ಗಂಡು ದನಿ. "ಫೆನೆಲ್?" ಎಂದು ಸೋಂಪಿನ ಸಸಿ ತೋರಿಸಿತು.

"ಅಲ್ಲ. ಅದರ... ಅದರ ತಮ್ಮ."

ಆ ಮನುಷ್ಯ ನಕ್ಕ. ಅದು ಅಣಕದ ನಗೆಯಾಗಿರಲಿಲ್ಲ. ಮೇಜಿನ ಹಿಂದೆ ಬಗ್ಗಿ ಒಂದು ತಟ್ಟೆ ಸಸಿ ಎತ್ತಿಕೊಂಡು ಎದ್ದ. "ಹಾಗಾದ್ರೆ ಡಿಲ್ ಇರಬೇಕು. ಡಿಲ್?"

"ಡಿಲ್! ಡಿಲ್!" ಪ್ರಕಾಶ್ ಚಪ್ಪಾಳೆ ತಟ್ಟಿದ. ಉಷಾಳನ್ನು ಕಂಡು, "ಉಷಾ, ಸಬ್ಸಿಗೆ ಕಣೆ! ಸಬ್ಸಿಗೆ ಸಸಿ! ಇವರು ಹೇಳಿಬಿಟ್ರು ನೋಡು!" ಎಂದು ಕೂಗಿದ.

ತಟ್ಟೆ ಹಿಡಿದಿದ್ದವನು ನಗುನಗುತ್ತಲೇ ತಲೆಯೆತ್ತಿದ. ತೆಳ್ಳಗಾಗಿದ್ದ. ಕೂದಲು ಸಣ್ಣಗೆ ಕತ್ತರಿಸಿತ್ತು, ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಆದರೂ ಅವಳು ಆ ಮುಖವನ್ನು ಯಾವ ಜನಜಂಗುಳಿಯಲ್ಲಾದರೂ ಗುರುತಿಸಬಲ್ಲವಳಾಗಿದ್ದಳು. ಅವನೂ ಅವಳನ್ನು ಗುರುತಿಸಿದ. ಕೋರ್ಟಿನಲ್ಲಿ ಅವಳು ದಿನವೂ ಅವನ ಎದುರಿಗೇ ಕೂತಿದ್ದಳು. ಪ್ರಕಾಶ್ ಕೋರ್ಟಿಗೆ ಬಂದಿರಲೇ ಇಲ್ಲ. ಕ್ರೇಗ್ ಹ್ಯಾಲಮ್‌ನ ಕಣ್ಣು ಉಷಾಳಿಂದ ಪ್ರಕಾಶನಿಗೆ ಹೊರಳಿತು, ತಟ್ಟೆ ವಾಲಿ ಮಣ್ಣು ಚೆಲ್ಲಿತು.

"ನನಗೆ ಗೊತ್ತಿರಲಿಲ್ಲ," ಎಂದ ಕ್ರೇಗ್. "ಇವರು ಅಂತ ಗೊತ್ತಿರಲಿಲ್ಲ. ನಾನು ಹೋಗ್ತೀನಿ. ಈಗಲೇ ಹೋಗ್ತೀನಿ."

"ನಿಂತ್ಕೋ." ತನ್ನ ದನಿ ಅಷ್ಟು ಶಾಂತವಾಗಿದ್ದುದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಚೀಲವನ್ನು ಮೇಜಿನ ಅಂಚಿಗಿಟ್ಟು ಒಳಗೆ ಕೈ ಹಾಕಿದಳು. ದುಪಟ್ಟಾದ ಮಡಿಕೆಯೊಳಗೆ ಹಿಡಿ ತಾನಾಗಿ ಅಂಗೈಗೆ ಬಂದು ಕೂತಿತು. "ನಿನ್ನ ಹೆಸರು ಹೇಳು ಅವರಿಗೆ."

"ಕ್ರೇಗ್."

"ಪೂರ್ತಿ ಹೇಳು."

"ಕ್ರೇಗ್ ಹ್ಯಾಲಮ್."

ಪ್ರಕಾಶ್ ಕೈ ಚಾಚಿದ. "ನಾನು ಪ್ರಕಾಶ್. ಬಹಳ ಸಂತೋಷ," ಎಂದು, ಸಭೆಗೆ ಬಂದ ಅತಿಥಿಯನ್ನು ಬರಮಾಡಿಕೊಳ್ಳುವವನಂತೆ ಅವನ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು ಕುಲುಕಿದ. ಅದೇ ಕೈ. ಉಷಾ ಆ ಕೈಯ ಗೆಣ್ಣುಗಳನ್ನು ನೋಡಿದಳು. ಚೀಲದೊಳಗೆ ಅವಳ ಹೆಬ್ಬೆರಳು ಸೇಫ್ಟಿಯನ್ನು ಕೆಳಕ್ಕೆ ತಳ್ಳಿತು. ಮೇಜಿನ ಕೆಳಗೆ, ಮಣ್ಣು ಮೆತ್ತಿದ ಜೀನ್ಸಿನಲ್ಲಿ, ಅವನ ಬಲ ಮಂಡಿ ಸ್ಪಷ್ಟವಾಗಿ ಕಾಣುತ್ತಿತ್ತು.

"ರೀ, ಆ ಕಡೆ ಸರೀರಿ," ಎಂದಳು ಕನ್ನಡದಲ್ಲಿ.

"ತಡಿಯೇ, ದುಡ್ಡು ಕೊಡಬೇಡ್ವಾ?" ಎನ್ನುತ್ತ ಪ್ರಕಾಶ್ ಅವಳತ್ತಲೇ ಬಂದ. ಪ್ರತಿ ಭಾನುವಾರ ಅವಳ ಚೀಲದಿಂದ ಪರ್ಸು ತೆಗೆಯುವವನು ಅವನೇ. ಅವಳಿಗೆ ಅರ್ಥವಾಗುವಷ್ಟರಲ್ಲಿ ಅವನ ಕೈ ಅವಳ ಕೈಯ ಪಕ್ಕದಲ್ಲೇ ಒಳಗೆ ಇಳಿದಿತ್ತು. ಅವನ ಬೆರಳುಗಳು ಅವಳ ಬೆರಳುಗಳ ಮೇಲೆ ಹಾದು, ಕಬ್ಬಿಣದ ಮೇಲೆ ನಿಂತವು.

"ಏನಿದು?" ಅವನ ಹುಬ್ಬು ಕೂಡಿಕೊಂಡಿತು. "ತಣ್ಣಗಿದೆ. ಇದು... ಇದಕ್ಕೆ ಏನಂತಾರೆ ಉಷಾ? ಬಾಯಿಗೆ ಬರ್ತಿದೆ, ತಡಿ, ಹೇಳಬೇಡ..."

ಆಟದಂತೆ ನಗುತ್ತ, ಗೊತ್ತಿದ್ದೂ ಸಿಗದ ಪದಕ್ಕಾಗಿ ಅವನು ಆ ವಸ್ತುವನ್ನು ಇಂಚಿಂಚಾಗಿ ಸವರತೊಡಗಿದ. ನಳಿಗೆ ಅವನ ಹೊಟ್ಟೆಯ ಕಡೆಗೇ ಇತ್ತು. ಅವನ ತೋರುಬೆರಳು ಟ್ರಿಗರಿನ ಬಳೆಯೊಳಗೆ ನುಸುಳುತ್ತಿರುವುದು ಅವಳ ಬೆರಳಿಗೆ ತಿಳಿಯಿತು. ಎಳೆದರೆ ಸಿಡಿಯಬಹುದು, ಬಿಟ್ಟರೂ ಸಿಡಿಯಬಹುದು.

"ಕೈ ತೆಗೀರಿ. ನಿಧಾನಕ್ಕೆ. ನನ್ನ ಬಂಗಾರ, ನಿಧಾನಕ್ಕೆ ತೆಗೀರಿ," ಎನ್ನುತ್ತಲೇ ಉಗುರು ಮುರಿಯುವಷ್ಟು ಬಲ ಹಾಕಿ ಸೇಫ್ಟಿಯನ್ನು ಮೇಲಕ್ಕೆ ನೂಕಿದಳು. ಅದು ಕಚ್ಚಿಕೊಂಡ ಸದ್ದು ಅವಳಿಗೆ ಕೇಳಿಸಿದ್ದೂ ಪ್ರಕಾಶ್ ಕೈ ಹಿಂದಕ್ಕೆಳೆದದ್ದೂ ಒಟ್ಟಿಗೇ ಆಯಿತು. ಚೀಲ ಮಗುಚಿತು. ಪರ್ಸು, ಮೆಂತ್ಯದ ಕಟ್ಟು, ದುಪಟ್ಟಾ, ಅದರ ಹಿಂದೆಯೇ ಕಪ್ಪು ಪಿಸ್ತೂಲು, ಎಲ್ಲ ಮೇಜಿನ ಮೇಲೆ ಸಣ್ಣ ಸಣ್ಣ ಕುಂಡಗಳ ನಡುವೆ ಬಿದ್ದವು. ಎರಡು ಅಡಿ ದೂರದಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಬಂದ ಒಬ್ಬಳು ಟೊಮೆಟೊ ಸಸಿ ಆರಿಸುತ್ತಿದ್ದಳು.

ಕ್ರೇಗ್ ನೋಡಿದ. ಒಂದು ಸಲ ಕೂಗಿದ್ದರೆ ಸಾಕಿತ್ತು. ಆ ಸಂತೆ ಕ್ಷಣದಲ್ಲಿ ಚೆದುರುತ್ತಿತ್ತು, ಬಂದೂಕು ಹಿಡಿದ ಪೊಲೀಸರು ಬರುತ್ತಿದ್ದರು, ನೆಲದ ಮೇಲೆ ಮಕಾಡೆ ಮಲಗಬೇಕಾದವಳು ಅವಳಾಗಿರುತ್ತಿದ್ದಳು. ಅವನು ಕೂಗಲಿಲ್ಲ. ಕೈಯಲ್ಲಿದ್ದ ಸಬ್ಬಸಿಗೆಯ ತಟ್ಟೆಯನ್ನು ಪಿಸ್ತೂಲಿನ ಮೇಲೆ ಇಟ್ಟ. ಮೇಜು ಸುತ್ತಿ ಬಂದು ಆ ಹೆಂಗಸಿಗೂ ಇವರಿಗೂ ನಡುವೆ ಬೆನ್ನು ಕೊಟ್ಟು ನಿಂತ.

"ಒಳಗೆ ಹಾಕ್ಕೊಳ್ಳಿ," ಎಂದ, ತುಟಿ ಅಲುಗದಂತೆ.

ತಟ್ಟೆಯ ಅಡಿಯಿಂದ ಅವಳು ಅದನ್ನು ಎಳೆದು ಚೀಲಕ್ಕೆ ತುರುಕಿದಳು. ಕ್ರೇಗ್ ಒಂದು ಸಸಿಯನ್ನು ಪ್ರಕಾಶನ ಕೈಗಿತ್ತು, ದುಡ್ಡು ಬೇಡವೆಂದು ತಲೆಯಾಡಿಸಿ, "ನಾನು ಏನೂ ನೋಡಿಲ್ಲ," ಎಂದು ಉಷಾಳಿಗೆ ಮಾತ್ರ ಕೇಳುವಂತೆ ಹೇಳಿ, ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ ಜನರ ನಡುವೆ ಹೊರಟುಹೋದ.

ಕಾರಿನಲ್ಲಿ ಪ್ರಕಾಶ್ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಸಿದ. "ಎಷ್ಟು ಒಳ್ಳೆಯವರು, ಅಲ್ವಾ?" ಎಂದ.

ಮನೆಗೆ ಬಂದವಳೇ ಗುಂಡು ತೆಗೆದು ಎಲ್ಲವನ್ನೂ ಲಾಕರಿಗೆ ಹಾಕಿ, ಹಾಸಿಗೆಯ ಅಂಚಿನಲ್ಲಿ ಕೂತಳು. ಬೀದಿಯಲ್ಲಿ ಕಾರು ನಿಂತ ಸದ್ದಾದಾಗಲೆಲ್ಲ ಪೊಲೀಸರೇ ಬಂದರು ಎಂದುಕೊಂಡಳು. ಅಂದು ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವನು ಹೇಳಿಲ್ಲ, ಹೇಳುವುದೂ ಇಲ್ಲ ಎಂದು ಕ್ರಮೇಣ ಖಾತ್ರಿಯಾಯಿತು. ಸದ್ಯ ಬದುಕಿಕೊಂಡೆ ಎನ್ನಿಸಬೇಕಿತ್ತು. ಆದರೆ ಮೂರು ವರ್ಷ ಜತನದಿಂದ ಸಾಕಿದ್ದ ಅವಳ ಸಿಟ್ಟಿನಲ್ಲಿ ಈಗ ಅನ್ನದಲ್ಲಿ ಕಲ್ಲು ಸಿಕ್ಕಿದಂತಾಗುತ್ತಿತ್ತು. "ಗಾಡಿ ಓಡಿಸೋದು ಕಲಿಸು ಅವನಿಗೆ" ಎಂಬ ಮಾತನ್ನು ನೆನೆಸಿಕೊಂಡರೆ ಅದರ ಬೆನ್ನಿಗೇ ಸಸಿಯ ತಟ್ಟೆ ಇಟ್ಟ ಕೈ ಬರುತ್ತಿತ್ತು. ಅವನ ಮಂಡಿಯನ್ನು ಕಣ್ಣ ಮುಂದೆ ತಂದುಕೊಂಡರೆ ಅವನು ತಿರುಗಿ ನಿಂತ ಬೆನ್ನು ಕಾಣುತ್ತಿತ್ತು. ಗಂಡನ ಮಾತು ಕಿತ್ತುಕೊಂಡವನು ಈಗ ಅವಳ ಬಳಿ ಇದ್ದ ಒಂದೇ ಒಂದು ವಸ್ತುವಾದ ಆ ಸಿಟ್ಟನ್ನೂ ಕಿತ್ತುಕೊಂಡಿದ್ದ.

ಪ್ರಕಾಶ್ ಹಿತ್ತಲ ಮೆಟ್ಟಿಲ ಪಕ್ಕ ಸಸಿ ನೆಟ್ಟು ಹೊತ್ತುಹೊತ್ತಿಗೆ ನೀರು ಹಾಕುತ್ತಿದ್ದ. ಬುಧವಾರ ಅವನು ಮಲಗಿದ್ದಾಗ ಉಷಾ ಹೋಗಿ ಅದನ್ನು ಬೇರುಸಮೇತ ಕಿತ್ತು, ಹಿಸುಕಿ, ಕಸದ ಡಬ್ಬಿಗೆ ಎಸೆದಳು. ಎದ್ದವನು ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಹಕ್ಕಿ ಕಿತ್ತಿರಬೇಕು," ಎಂದಳು.

"ಹೋಗ್ಲಿ ಬಿಡು. ಮುಂದಿನ ವಾರ ಇನ್ನೊಂದು ತರೋಣ. ಆ... ಆ ಒಳ್ಳೆಯವರ ಹತ್ರ," ಎಂದ ಪ್ರಕಾಶ್. ಅವಳ ಕೈಗೆ ಹತ್ತಿದ್ದ ಸಬ್ಬಸಿಗೆಯ ವಾಸನೆ ಸೋಪು ಹಾಕಿ ತೊಳೆದರೂ ಹೋಗಲಿಲ್ಲ.

ಮರುದಿನ ವರ್ಕ್‌ಶಾಪಿನ ಹಿಂದಿನ ಬಾಗಿಲಲ್ಲಿ ವಿನಯನಿಗೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಅವನ ಮುಖ ಕೆಂಪಗಾಗಿತ್ತು.

"ಭಾವಾರ ಕೈಯಾಗ ಸಿಡಿದಿದ್ರ?" ಎಂದ. "ಆ ಕೂಸಿಗೆ ತಗಲಿದ್ರ?"

"ಗೊತ್ತು."

"ಗೊತ್ತಿಲ್ರಿ ನಿಮಗ!" ಎಂದು ಕಿರುಚಿ, ಒಳಗಿದ್ದವರು ನೋಡಿದ್ದರಿಂದ ದನಿ ತಗ್ಗಿಸಿದ. "ಆತು, ಮುಗದು ಹೋತು. ಲಾಕರಿನ್ಯಾಗ ಇಟ್ಟು ಸುಮ್ನಿರ್ರಿ. ಕ್ಲಬ್ಬು ಬಿಡ್ರಿ. ಅವ ಹೇಳಂಗಿಲ್ಲ ಯಾರ ಮುಂದನೂ."

"ಅದೇ ವಿನಯ್. ಅವನು ಹೇಳಲ್ಲ. ಅದನ್ನೇ ನನಗೆ ತಡೆಯೋಕಾಗ್ತಿಲ್ಲ." ಉಷಾಳ ಕಣ್ಣು ಒಣಗಿತ್ತು. "ನಾನು ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಬರ್ತಿರೋದು ಅವನು ಬಾಯಿ ಮುಚ್ಕೊಂಡಿದ್ದಾನೆ ಅಂತ. ಅವನ ಹಂಗಿನಲ್ಲಿ ಬದುಕೋಕೆ ನನ್ನ ಕೈಲಿ ಆಗಲ್ಲ. ನಾನೇ ಪೊಲೀಸರಿಗೆ ಹೇಳ್ತೀನಿ."

"ಕೇಸ್ ಹಾಕ್ತಾರ್ರಿ."

"ಹಾಕ್ಲಿ."

"ಹಂಗು ಹರ್ಕೊಂಡು ಏನ್ ಮಾಡ್ತೀರಿ ಆಮ್ಯಾಲೆ?"

"ಆಮೇಲೆ ನೆಮ್ಮದಿಯಾಗಿ ದ್ವೇಷ ಮಾಡ್ತೀನಿ," ಎಂದಳು ಉಷಾ.

ಅವಳೇ ಫೋನ್ ಮಾಡಿದ್ದರಿಂದ ಶುಕ್ರವಾರ ಮಧ್ಯಾಹ್ನ ಇಬ್ಬರು ಬಂದರು. ಒಬ್ಬ ನಡುವಯಸ್ಸಿನ ಸಾರ್ಜೆಂಟ್, ಒಬ್ಬಳು ಎಳೆ ವಯಸ್ಸಿನ ಪೊಲೀಸು ಹೆಣ್ಣು. ಪ್ರಕಾಶ್ ಮನೆಗೆ ನೆಂಟರು ಬಂದ ಸಂಭ್ರಮದಲ್ಲಿ ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟ. ಸಾರ್ಜೆಂಟ್ ಪಿಸ್ತೂಲನ್ನು ತೆರೆದು ನೋಡಿ, ಕವರಿಗೆ ಹಾಕಿ ಮುಚ್ಚಿದ. ಗುಂಡುಗಳನ್ನು ಬೇರೆ ಕವರಿಗೆ ಹಾಕಿದ. ಆ ಹುಡುಗಿ ಪ್ರಶ್ನೆ ಕೇಳುತ್ತಿದ್ದಳು.

"ಯಾಕೆ ತಗೊಂಡು ಹೋದಿರಿ? ಹೆದರಿಕೆಗಾ?"

"ಅಲ್ಲ. ಸಿಟ್ಟಿಗೆ."

ಹುಡುಗಿ ತಲೆಯೆತ್ತಿದಳು. ಅವಳು ಬರುವ ಮುಂಚೆಯೇ ಹಳೆಯ ಕೇಸು ಓದಿಕೊಂಡು ಬಂದಿದ್ದಳು ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. "ಮಿಸೆಸ್ ಪ್ರಕಾಶ್, ಆ ಮನುಷ್ಯ ಹೊರಗೆ ಬಂದ ಮೇಲೆ ನಿಮಗೆ ಸಿಕ್ಕಿದ್ದನಾ? ಸಂತೆಯಲ್ಲಿ ಇದ್ದನಾ? ನಿಮ್ಮ ಹತ್ತಿರ ಬಂದಿದ್ದರೆ, ಒಂದು ಮಾತು ಆಡಿದ್ದರೂ, ನೀವು ಹೇಳಿದರೆ ಸಾಕು."

ಅಡುಗೆಮನೆಯಲ್ಲಿ ಪ್ರಕಾಶ್ ಲೋಟಗಳನ್ನು ಜೋಡಿಸುತ್ತಿದ್ದ ಸದ್ದು ಕೇಳಿಸಿತು. ಹೌದು ಎಂಬ ಒಂದು ಪದ. ಅದು ಗುಂಡಿಗಿಂತ ನೆಟ್ಟಗೆ ಹೋಗಿ ಕ್ರೇಗ್‌ಗೆ ತಾಗುತ್ತದೆಂದು ಉಷಾಳಿಗೆ ಗೊತ್ತಿತ್ತು. ಅವಳು ಆ ಹುಡುಗಿಯ ಪೆನ್ನಿನ ತುದಿಯನ್ನು ನೋಡಿದಳು.

"ಇಲ್ಲ," ಎಂದಳು. "ಸಿಗಲಿಲ್ಲ."

"ಪಿಸ್ತೂಲನ್ನ ಯಾರಾದರೂ ನೋಡಿದರಾ?"

"ಯಾರೂ ನೋಡಲಿಲ್ಲ."

ಸಾರ್ಜೆಂಟ್ ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಪರವಾನಗಿ ಇಂದಿನಿಂದಲೇ ನಿಂತಿತು, ಮುಂದೇನು ಎಂಬುದನ್ನು ತಿಳಿಸುತ್ತೇವೆ, ಕೋರ್ಟಿಗೆ ಬರಬೇಕಾಗಬಹುದು, ವಕೀಲರನ್ನು ನೋಡಿಕೊಳ್ಳಿ ಎಂದು ಹೇಳಿ ಎದ್ದ. ಕ್ಲಬ್ಬಿಗೆ ತಾವೇ ತಿಳಿಸುವುದಾಗಿಯೂ ಹೇಳಿದ. ನೊಲೀನ್‌ಳ ಮುಖ ನೆನಪಾಗಿ, ಆವತ್ತು ಮೊದಲ ಸಲ ಉಷಾ ತಲೆ ತಗ್ಗಿಸಿದಳು.

ಅವರ ಹಿಂದೆಯೇ ಪ್ರಕಾಶ್ ಬರಿಗಾಲಲ್ಲಿ ಗೇಟಿನವರೆಗೂ ಹೋದ. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಹುಡುಗಿ ಕವರುಗಳನ್ನು ಹಿಂದಿನ ಡಿಕ್ಕಿಯಲ್ಲಿಟ್ಟು ಮುಚ್ಚಿದಳು. ಕಾರು ಹೊರಟಾಗ ಅವನು ಒಂದು ಕೈಯಿಂದ ಗೇಟು ಹಿಡಿದುಕೊಂಡು, ಇನ್ನೊಂದು ಕೈ ಎತ್ತಿ, "ಹೋಗಿ ಬನ್ನಿ," ಎಂದ. ಕಾರು ಬೀದಿಯ ತುದಿಯಲ್ಲಿ ತಿರುಗುವಾಗ ಒಳಗಿನಿಂದ ಯಾರೋ ಕೈ ಬೀಸಿದರು. ಅದು ಮರೆಯಾದ ಮೇಲೂ ಪ್ರಕಾಶ್ ಮಳೆಯಲ್ಲಿ ಕೈ ಎತ್ತಿಕೊಂಡೇ ನಿಂತಿದ್ದ.